ಹಿತ್ತಾಳೆ ಬೆಸುಗೆಯ ಮೇಲಿನ ಕರಿ ಬಣ್ಣ

1962ರ ಫೆಬ್ರವರಿಯ ಒಂದು ಬೆಳಿಗ್ಗೆ, ಯಶವಂತಪುರದ ನಮ್ಮ ವರ್ಕ್‌ಶಾಪಿನಿಂದ ಟ್ರಯಲ್‌ಗೆ ಹೊರಟ ಮೋಟಾರ್ ಸೈಕಲ್ಲೊಂದರ ಎಂಜಿನ್ನಿನಿಂದ ಹೆಬ್ಬಾಳದ ಕೆರೆ ಏರಿಯ ಮೇಲೆ ಹೊಗೆ ಎದ್ದಿತು. ಓಡಿಸುತ್ತಿದ್ದವರು ಗಾಬರಿಯಾಗಿ ಗಾಡಿ ನಿಲ್ಲಿಸಿ ದೂರ ಹೋಗಿ ನಿಂತರು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಅದರ ಮೇಲಿನ ಕರಿ ಬಣ್ಣ ಸುಟ್ಟಿತ್ತು. ಬಣ್ಣ ಹಚ್ಚಿದವನು ನಾನು.

ಆ ವರ್ಕ್‌ಶಾಪಿಗೆ ನಾನು 1955ರಲ್ಲಿ ಸೇರಿದ್ದೆ. ಆಮೇಲೆ ಬೇರೆ ಕಡೆಯೂ ಇದೇ ಕೆಲಸ ಮಾಡಿ ನಿವೃತ್ತನಾದೆ. ಈಗ ಈ ಕೆಲಸಕ್ಕೆ ಬರುವ ಹುಡುಗರು ಅಂಗಡಿಯಿಂದ ಡಬ್ಬ ತಂದು, ಮೇಲಿನ ಚೀಟಿ ಓದಿ ಹಚ್ಚುತ್ತಾರೆ. ನಮ್ಮ ಕಾಲದಲ್ಲಿ ಡಬ್ಬಗಳ ಮೇಲೆ ಚೀಟಿ ಉಳಿದಿರುತ್ತಿರಲಿಲ್ಲ. ಎಂಜಿನ್ನಿಗೆ ಯಾವ ಬಣ್ಣ ಎನ್ನುವುದನ್ನು ಕೈಯಿಂದ, ಮೂಗಿನಿಂದ ಕಲಿಯಬೇಕಿತ್ತು. ಹೇಗೆ ಕಲಿತೆವು, ಅದರಿಂದ ಏನಾಯಿತು ಎಂಬುದನ್ನು ಇಲ್ಲಿ ಬರೆಯುತ್ತೇನೆ. ನಾನು ನೋಡದೆ, ಬರೀ ಕೇಳಿದ ಸಂಗತಿಗಳನ್ನು ಹಾಗೆಂದೇ ಹೇಳುತ್ತೇನೆ.

ವರ್ಕ್‌ಶಾಪಿನ ಮುಂಭಾಗದಲ್ಲಿ ಫಿಟ್ಟರ್‌ಗಳು ಕೆಲಸ ಮಾಡುತ್ತಿದ್ದರು. ಹಿತ್ತಲಿನ ಕೊನೆಯಲ್ಲಿ ತಗಡಿನ ಮಾಡಿನ ಒಂದು ಕೋಣೆ. ಅದು ಬಣ್ಣದ ಕೋಣೆ. ಧೂಳು ಬಂದರೆ ಹಸಿ ಬಣ್ಣದ ಮೇಲೆ ಕೂರುತ್ತದೆ, ಬೆಂಕಿಯ ಭಯ ಬೇರೆ. ಹಾಗಾಗಿ ಬಾಗಿಲಿಗೆ ಒದ್ದೆ ಗೋಣಿತಾಟು ಇಳಿಬಿಟ್ಟಿರುತ್ತಿದ್ದೆ. ಗೋಣಿ ಇಳಿಬಿಟ್ಟಿದ್ದರೆ ಯಾರೂ ಒಳಗೆ ಬರಬಾರದು, ಇದು ಕಟ್ಟುನಿಟ್ಟು. ಅದು ಹೆಚ್ಚುಕಮ್ಮಿ ದಿನವೆಲ್ಲ ಇಳಿದೇ ಇರುತ್ತಿತ್ತು. ಫಿಟ್ಟರ್‌ಗಳು ಹಾಡಿಕೊಂಡು, ಬೈದಾಡಿಕೊಂಡು ಕೆಲಸ ಮಾಡುವುದು ನನಗೆ ಕೇಳಿಸುತ್ತಿತ್ತು. ಏಕೆ ನಕ್ಕರು ಎಂದು ತಿಳಿಯುತ್ತಿರಲಿಲ್ಲ. ಊಟಕ್ಕೂ ಅವರು ನನ್ನನ್ನು ಕರೆಯುವುದು ಬಿಟ್ಟರು. ಥಿನ್ನರ್ ವಾಸನೆಯಲ್ಲಿ ಅನ್ನ ಸೇರುವುದಿಲ್ಲ ಎಂದರು. ಅದು ನಿಜವೇ. ಭಾನುವಾರ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಹೋದರೆ ಅತ್ತಿಗೆ ಜಗಲಿಯಲ್ಲೇ ತಟ್ಟೆ ಇಡುತ್ತಿದ್ದರು.

“ಬೇಜಾರ್ ಮಾಡ್ಕಬ್ಯಾಡ ಕಣಪ್ಪ ಕೆಂಪಣ್ಣ. ಒಳಗೆ ಮಗು ಮಲಗೈತೆ. ನಿನ್ ಮೈ ಅದೇನೋ ವಾಸ್ನೆ ಒಡೀತೈತೆ.”

ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಭಾನುವಾರ ಹೋಗುವುದು ಕಡಿಮೆಯಾಯಿತು.

ವರ್ಕ್‌ಶಾಪಿನಲ್ಲಿ ನನ್ನೊಡನೆ ಮಾತಾಡುತ್ತಿದ್ದವನು ಗ್ಯಾಸ್ ವೆಲ್ಡರ್ ದಸ್ತಗೀರ್ ಒಬ್ಬನೇ. ಅವನಿಗೂ ಹಿತ್ತಲಿನಲ್ಲೇ ಜಾಗ. ಬೆಸುಗೆಯ ಬೆಳಕು ಕಣ್ಣಿಗೆ ಹೊಡೆಯುತ್ತದೆಂದು ಅವನನ್ನೂ ಮುಂದೆ ಸೇರಿಸುತ್ತಿರಲಿಲ್ಲ. ಕೆಲಸವಿಲ್ಲದ ಹೊತ್ತಿನಲ್ಲಿ ನನ್ನ ಗೋಣಿತಾಟಿನ ಆಚೆ ಒಂದು ಹಳೇ ಟೈರಿನ ಮೇಲೆ ಕೂರುತ್ತಿದ್ದ. ನಾನು ಒಳಗೆ, ಅವನು ಹೊರಗೆ. ಮುಖ ಕಾಣದೆ ಮಾತು.

“ಬದುಕಿದ್ದೀಯೇನ್ ಅಣ್ಣ?”

“ಇದ್ದೀನಿ ಭಾಯಿ.”

“ಹಾಗಾದ್ರೆ ಒಂದ್ ಬೀಡಿ ಕೊಡು.”

“ಬಣ್ಣದ ಕೋಣೇಲಿ ಬೀಡಿ ಇಟ್ಕೊಂಡಿದ್ರೆ ಬದುಕಿರ್ತಿದ್ನಾ?”

ದಿನಾ ಇದೇ ತಮಾಷೆ. ದಿನಾ ನಗುತ್ತಿದ್ದೆವು. ಅವನ ತಂಗಿಯ ಮದುವೆ ಮಾತುಕತೆ, ತಮ್ಮನ ಓದು, ಎಲ್ಲವೂ ನನಗೆ ಗೋಣಿಯ ಮೂಲಕವೇ ತಿಳಿದದ್ದು.

ಈಗ ಬಣ್ಣದ ವಿಷಯ. ಎಂಜಿನ್ನಿನ ಎಲ್ಲ ಭಾಗವೂ ಒಂದೇ ಸಮ ಕಾಯುವುದಿಲ್ಲ. ಇದು ಗೊತ್ತಿಲ್ಲದೆ ಬಣ್ಣ ಆರಿಸಿದರೆ ಕೆಲಸ ಕೆಡುತ್ತದೆ. ನಾನು ಮಾಡುತ್ತಿದ್ದುದು ಇಷ್ಟು: ಗಾಡಿಯನ್ನು ಒಂದು ಸುತ್ತು ಓಡಿಸಿ ತಂದ ಕೂಡಲೇ ಬೆರಳು ಅದ್ದಿ ಒಂದೊಂದು ಹನಿ ನೀರು ಅಲ್ಲಲ್ಲಿ ಚಿಮುಕಿಸುವುದು. ಕೆಳಗಿನ ಕ್ರ್ಯಾಂಕ್ ಕೇಸಿನ ಮೇಲೆ ನೀರು ಸುಮ್ಮನೆ ಹರಡಿ ನಿಧಾನಕ್ಕೆ ಆರುತ್ತದೆ. ಒಳಗೆ ಪಿಸ್ಟನ್ ಆಡುವ ಬ್ಯಾರಲ್ಲಿನ ಸುತ್ತಲಿನ ಪಟ್ಟಿಗಳ ಮೇಲೆ, ನಾವು ಫಿನ್ ಎನ್ನುವ ಕಡೆ, ದೋಸೆ ಕಾವಲಿಯ ಮೇಲೆ ಬಿದ್ದಂತೆ ಚುಂಯ್ ಎನ್ನುತ್ತದೆ. ಹೊಗೆ ಕೊಳವೆ ಸೇರುವ ಬಾಯಿಯ ಹತ್ತಿರ ನೀರು ಅಂಟುವುದೇ ಇಲ್ಲ, ಗೋಲಿಯಂತೆ ಉರುಳಿ ಮಾಯವಾಗುತ್ತದೆ. ಆ ಮೂರು ಕಡೆಗೆ ಮೂರು ಬಣ್ಣ. ಮೊದಲನೆಯ ಕಡೆ ಸಾಮಾನ್ಯ ಎನಾಮಲ್ ನಡೆಯುತ್ತದೆ. ಎರಡನೆಯ ಕಡೆಗೆ ಹಚ್ಚಿ ಬೇಯಿಸುವ ಕರಿ ಬಣ್ಣ ಬೇಕು. ಅದಕ್ಕೆ ಸ್ಟೋವಿಂಗ್ ಪೇಂಟ್ ಎನ್ನುತ್ತಿದ್ದೆವು. ಮೂರನೆಯ ಕಡೆ ಅದೂ ನಿಲ್ಲುವುದಿಲ್ಲ, ಅಲ್ಲಿಯ ಬಣ್ಣದ ವಿಷಯ ಮುಂದೆ ಹೇಳುತ್ತೇನೆ.

ಸಣ್ಣ ಗೀರಿಗೆ ಟಚಪ್ ಮಾಡುವಾಗಲೂ ಇದೇ ಲೆಕ್ಕ. ಮೊದಲು ಸೀಮೆಎಣ್ಣೆಯಲ್ಲಿ ತೊಳೆಯಿರಿ, ಆದರೆ ಅಲ್ಲಿಗೇ ಬಿಡಬೇಡಿ. ಸೀಮೆಎಣ್ಣೆಯ ಜಿಡ್ಡು ಉಳಿಯುತ್ತದೆ, ಪೆಟ್ರೋಲಿನಲ್ಲಿ ಮತ್ತೊಮ್ಮೆ ಒರೆಸಬೇಕು. ತುಕ್ಕಿನ ಮೇಲೆ ಹಚ್ಚಬೇಡಿ. ದಪ್ಪ ಹಚ್ಚಬೇಡಿ. ಫಿನ್‌ಗಳ ನಡುವೆ ಬಣ್ಣ ತುಂಬಿದರೆ ಗಾಳಿ ಆಡದೆ ಎಂಜಿನ್ ಇನ್ನೂ ಕಾಯುತ್ತದೆ. ಹೊಸ ಕರಿ ಹಳೆ ಕರಿಯ ಪಕ್ಕದಲ್ಲಿ ಒದ್ದೆಯಾದಂತೆ ಹೊಳೆಯುತ್ತದೆ. ಗಿರಾಕಿ ದೂರುತ್ತಾನೆ. ಸ್ವಲ್ಪ ದಿನ ಓಡಿಸಿ ಬನ್ನಿ ಎನ್ನಿ, ಕಾವೇ ಅದನ್ನು ಮಬ್ಬು ಮಾಡುತ್ತದೆ.

ಬೇಯಿಸಲು ನಮ್ಮಲ್ಲಿ ಓವನ್ ಇರಲಿಲ್ಲ. ಪಕ್ಕದ ಬೀದಿಯ ಬೇಕರಿಯ ಒಲೆಯಲ್ಲಿ ಬ್ರೆಡ್ಡು ಬೆಂದು ಮುಗಿದ ಮೇಲೆ, ಮಧ್ಯಾಹ್ನ, ಉಳಿದ ಬಿಸಿಯಲ್ಲಿ ನಮ್ಮ ಬ್ಯಾರಲ್‌ಗಳನ್ನು ಇಡುತ್ತಿದ್ದೆವು. ಒಮ್ಮೆ ಅರ್ಜೆಂಟ್ ಕೆಲಸ ಎಂದು ಮಾಲೀಕರಾದ ಗೋವಿಂದರಾಜು ಬೆಳಿಗ್ಗೆಯೇ ಬ್ಯಾರಲ್ ಕಳಿಸಿಬಿಟ್ಟರು. ಒಲೆ ಖಾಲಿ ಇದೆ ಎಂದು ಬೇಕರಿಯ ಕೆಲಸದವನು ಒಳಗಿಟ್ಟ. ಅದನ್ನು ತೆಗೆದ ಮೇಲೆ ಅದೇ ಒಲೆಗೆ ಬನ್ನು ಹೋಯಿತು. ಸಂಜೆ ಬೇಕರಿಯವರು ಒಂದು ಬನ್ನು ಹಿಡಿದುಕೊಂಡು ಬಂದರು.

“ರಾಜು, ಇದನ್ನ ಒಂದು ಚೂರು ತಿನ್ನಿ.”

ಗೋವಿಂದರಾಜು ಮುರಿದು ಬಾಯಿಗಿಟ್ಟು ಅಗಿದರು.

“ಏನ್ ರುಚಿ ಹೇಳಿ?”

“...ಬಣ್ಣ ಬಂದಿದೆ.”

“ಬಣ್ಣ ಚೆನ್ನಾಗೇ ಬಂದಿದೆ ಸ್ವಾಮಿ. ಇನ್ನು ನೀವು ನಿಮ್ಮ ಗಿರಾಕಿಗಳಿಗೆ ಬನ್ನು ಮಾರಿ, ನಾನು ನಮ್ಮ ಗಿರಾಕಿಗಳಿಗೆ ಪಿಸ್ಟನ್ ಮಾರ್ತೀನಿ.”

ಕೆಲವು ವಾರ ಒಲೆ ನಮಗೆ ಸಿಗಲಿಲ್ಲ.

ಗೋವಿಂದರಾಜು ಕೆಟ್ಟವರಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಮಿಲಿಟರಿ ಗಾಡಿಗಳನ್ನು ರಿಪೇರಿ ಮಾಡುತ್ತಿದ್ದವರು. ಹರಾಜಿಗೆ ಬಂದ ಹಳೆಯ ಮಿಲಿಟರಿ ಮೋಟಾರ್ ಸೈಕಲ್‌ಗಳನ್ನು ಕೊಂಡು, ಸರಿಮಾಡಿ ಮಾರುವುದು ಅವರ ವ್ಯಾಪಾರ. ಬಿಡಿ ಭಾಗಗಳು ವಿದೇಶದಿಂದ ಬರುವುದು ನಿಂತಿದ್ದ ಕಾಲ. ಒಂದು ಬ್ಯಾರಲ್ ಒಡೆದರೆ ಇನ್ನೊಂದು ಸಿಗುತ್ತಿರಲಿಲ್ಲ. ಒಡೆದದ್ದನ್ನೇ ಬೆಸೆಯಬೇಕು. ಅವರು ಇಟ್ಟಿದ್ದ ನಿಯಮ ಒಂದೇ: ಗಿರಾಕಿಯ ಜೊತೆ ಮಾತು ಅವರದು, ಹಿತ್ತಲಿನವರು ಮುಂದೆ ಬರಬಾರದು.

ಅಂಥದೇ ಒಂದು ಹರಾಜಿನ ಸಾಮಾನಿನಲ್ಲಿ ಅವರಿಗೆ ಒಂದು ಕರಿ ಬಣ್ಣದ ಡಬ್ಬ ಸಿಕ್ಕಿತ್ತು. ವಿಮಾನದ ಹೊಗೆ ಕೊಳವೆಗೆ ಹಚ್ಚುವ ಬಣ್ಣ ಎಂದು ಕೊಟ್ಟವರು ಹೇಳಿದರಂತೆ. ನಾನು ಒಂದು ಸೈಲೆನ್ಸರ್ ಬಾಯಿಗೆ ಹಚ್ಚಿ ನೋಡಿದೆ. ಕೆಂಪಗೆ ಕಾದರೂ ಏಳಲಿಲ್ಲ. ಒಲೆಯೂ ಬೇಡ, ಎಂಜಿನ್ನಿನ ಕಾವಿನಲ್ಲೇ ಗಟ್ಟಿಯಾಗುತ್ತಿತ್ತು. ಅಲ್ಲಿಯವರೆಗೆ ಗ್ರಾಫೈಟ್ ಪುಡಿ, ಎಣ್ಣೆ ಕಲಸಿ ಹಚ್ಚುತ್ತಿದ್ದ ನಮಗೆ ಅದು ದೊಡ್ಡ ಸಂಗತಿ. ಆ ಡಬ್ಬವನ್ನು ಶೆಲ್ಫಿನ ಬಲಗಡೆ ಇಟ್ಟೆ. ಎಡಗಡೆ ಸಾಮಾನ್ಯ ಎನಾಮಲ್. ಹಸಿ ಇರುವಾಗ ಎರಡೂ ಒಂದೇ ಕರಿ, ಹಚ್ಚಿದ ಮೇಲೆ ಯಾರೂ ಗುರುತು ಹಿಡಿಯಲಾರರು.

1962ರ ಆರಂಭದಲ್ಲಿ ಹುಣಸಮಾರನಹಳ್ಳಿಯ ಮುನಿವೆಂಕಟಪ್ಪ ಎಂಬುವವರು ಗಾಡಿ ಹುಡುಕಿಕೊಂಡು ಬಂದರು. ದನದ ಆಸ್ಪತ್ರೆಯ ಕಾಂಪೌಂಡರ್. ಸುತ್ತಲ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಹೋಗಿ ದನಗಳಿಗೆ ಸೂಜಿ ಹಾಕುವ ಕೆಲಸ. ತಾವು ತಲುಪುವ ಹೊತ್ತಿಗೆ ದನ ಸತ್ತಿರುತ್ತದೆ ಎಂದು ಮುಂಭಾಗದಲ್ಲಿ ಹೇಳುತ್ತಿದ್ದುದು ನನಗೆ ಗೋಣಿಯೊಳಗಿನಿಂದಲೇ ಕೇಳಿಸಿತು.

ಗೋವಿಂದರಾಜು ಬಳಿ ಒಂದೇ ಗಾಡಿ ಸಿದ್ಧವಾಗುತ್ತಿತ್ತು. ಹಳೇ ಮಾದರಿಯ ಎಂಜಿನ್. ಹೊಗೆ ಹೋಗುವ ಬಾಯಿ ಬೀಡು ಕಬ್ಬಿಣದ ಬ್ಯಾರಲ್ಲಿನಲ್ಲೇ ಇರುತ್ತದೆ, ಅದರ ಪಕ್ಕದಲ್ಲೇ ಪೆಟ್ರೋಲ್ ಬರುವ ಕಾರ್ಬುರೇಟರ್. ಹಿಂದೆ ಓಡಿಸಿದವರು ಯಾರೋ ಕಾದ ಎಂಜಿನ್ನನ್ನು ಹಳ್ಳದ ನೀರಿಗೆ ಇಳಿಸಿದ್ದಿರಬೇಕು, ಆ ಬಾಯಿಯಿಂದ ಕೆಳಗೆ ಬ್ಯಾರಲ್ ಬಿರುಕು ಬಿಟ್ಟಿತ್ತು. ದಸ್ತಗೀರ್ ಅದನ್ನು ಹಿತ್ತಾಳೆಯಲ್ಲಿ ಬೆಸೆದ. ಇಡೀ ಬ್ಯಾರಲ್ಲನ್ನು ಇದ್ದಿಲಿನಲ್ಲಿ ಹೂತು ಕಾಯಿಸಿ, ಬೆಸೆದು, ಬೂದಿಯಲ್ಲಿ ಮುಚ್ಚಿ ತಾನಾಗಿ ಆರಲು ಬಿಟ್ಟ. ಅವಸರಪಟ್ಟರೆ ಬೀಡು ಮತ್ತೆ ಸೀಳುತ್ತದೆ. ಅವನು ಅವಸರಪಡಲಿಲ್ಲ. ಕರಿ ಕಬ್ಬಿಣದ ಮೇಲೆ ಹಳದಿ ಗೆರೆ ಎದ್ದು ಕಾಣುತ್ತಿತ್ತು.

ಆ ಬೆಸುಗೆ ನಿಂತರೆ ನಿಂತಿತು. ಬಿಟ್ಟರೆ, ಉರಿಯುವ ಹೊಗೆ ನೇರ ಕಾರ್ಬುರೇಟರ್ ಮೇಲೆ ಬೀಳುತ್ತದೆ, ಸವಾರನ ಎರಡು ಮೊಣಕಾಲಿನ ನಡುವೆ.

ಗೋವಿಂದರಾಜು ಬ್ಯಾರಲ್ ಹಿಡಿದು ನನ್ನ ಕೋಣೆಗೆ ಬಂದರು.

“ಕೆಂಪಣ್ಣ, ಒಳ್ಳೆ ಡಬ್ಬದಿಂದ ಹಚ್ಚು. ಹಿತ್ತಾಳೆ ಕಾಣಬಾರದು.”

“ಕಾಂಪೌಂಡರ್ರಿಗೆ ಹೇಳಿದೀರಾ ಸಾರ್?”

“ಹೇಳಿದ್ರೆ ಯಾರಯ್ಯ ತಗೊಳ್ತಾರೆ? ನಾನೇ ಓಡಿಸಿ ನೋಡ್ತೀನಿ. ನಿಲ್ಲುತ್ತೆ.”

“ನಿಲ್ಲುತ್ತೆ ಅಂದ್ರೆ ಹೇಳೋಕೇನು?”

“ನಿನ್ನ ಕೆಲಸ ಬಣ್ಣ. ಹಚ್ಚು.”

ಅವರು ಹೋದ ಮೇಲೆ ಗೋಣಿಯ ಆಚೆ ಟೈರಿನ ಮೇಲೆ ದಸ್ತಗೀರ್ ಕೂತ ಸದ್ದಾಯಿತು. ಎಲ್ಲವನ್ನೂ ಕೇಳಿಸಿಕೊಂಡಿದ್ದ.

“ಅಣ್ಣ, ಜನಕ್ಕೆ ಹಿತ್ತಾಳೆ ಕಂಡ್ರೆ ಭಯ. ಒಡೆದದ್ದು ಕಾಣಲ್ಲ, ಬೆಸೆದದ್ದು ಕಾಣುತ್ತೆ. ಮುಚ್ಚಿಬಿಡು.”

“ನಿನ್ನ ಬೆಸುಗೆ ಮೇಲೆ ನನಗೆ ಅನುಮಾನ ಇಲ್ಲ ಭಾಯಿ.”

“ಮತ್ತೆ?”

“ಓಡಿಸೋನು ಅವನು. ಅವನಿಗೆ ಗೊತ್ತಿರಬೇಕು.”

“ಗೊತ್ತಾದ್ರೆ ಹೆದರಿ ಬಿಟ್ಟು ಹೋಗ್ತಾನೆ. ಆಮೇಲೆ ಮುಂದಿರೋ ಫಿಟ್ಟರ್‌ಗಳೆಲ್ಲ ಏನಂತಾರೆ? ದಸ್ತಗೀರ್ ಬೆಸೆದದ್ದು ಗಿರಾಕಿ ವಾಪಸ್ ಮಾಡ್ದ ಅಂತಾರೆ. ಈ ಥರದ್ದು ಇಡೀ ಯಶವಂತಪುರದಲ್ಲಿ ಬೇರೆ ಯಾರು ಬೆಸೀತಾರೆ ಹೇಳು?”

ಯಾರೂ ಇರಲಿಲ್ಲ. ಹಾಗೆಂದೆ. ಅವನು ಎದ್ದು ಹೋದ.

ನಾನು ಹಚ್ಚುವುದಿಲ್ಲ ಎಂದಿದ್ದರೆ ಗೋವಿಂದರಾಜು ತಾವೇ ಬಲಗಡೆಯ ಡಬ್ಬ ತೆಗೆದು ಹಚ್ಚುತ್ತಿದ್ದರು. ಆ ಬಣ್ಣ ಒಮ್ಮೆ ಕುಳಿತರೆ ಬ್ಯಾರಲ್ ಇರುವವರೆಗೂ ಏಳುವುದಿಲ್ಲ. ಮುಂದೆ ಹೋಗಿ ಕಾಂಪೌಂಡರರಿಗೆ ಹೇಳುವ ಹಾಗಿರಲಿಲ್ಲ. ಎಡಗಡೆಯ ಡಬ್ಬ ತೆಗೆದೆ. ಕಾವಿಗೆ ಆ ಎನಾಮಲ್ ಏಳುತ್ತದೆ, ಹಿತ್ತಾಳೆ ಕಾಣುತ್ತದೆ ಎಂದು ಗೊತ್ತಿತ್ತು. ತೆಳುವಾಗಿ, ಒಂದೇ ಕೈ ಹಚ್ಚಿದೆ. ಕಾರ್ಬುರೇಟರ್ ಕೂರುವ ಕಡೆ ಹನಿಯೂ ಬೀಳದಂತೆ ಒರೆಸಿದೆ. ಗೋವಿಂದರಾಜು ಬಂದು ನೋಡಿ, ಚೆನ್ನಾಗಿದೆ ಎಂದರು.

ಅವರು ತಾವೇ ಓಡಿಸಿ ನೋಡುತ್ತೇನೆ ಎಂದಿದ್ದರು. ಓಡಿಸಲಿಲ್ಲ. ಎಂಜಿನ್ ಜೋಡಿಸಿದ ಬೆಳಿಗ್ಗೆಯೇ ಕಾಂಪೌಂಡರ್ ಬಂದಿದ್ದರು. ಕೊಳ್ಳುವವರು ಗಾಡಿಯನ್ನು ಹೆಬ್ಬಾಳದವರೆಗೆ ಓಡಿಸಿ ನೋಡಬಹುದು, ಬರುವವರೆಗೆ ತಮ್ಮ ಸೈಕಲ್ ನಮ್ಮಲ್ಲಿ ಬಿಟ್ಟು ಹೋಗಬೇಕು, ಇದು ನಮ್ಮ ವರ್ಕ್‌ಶಾಪಿನ ಪದ್ಧತಿ. ಅವರು ಸೈಕಲ್ ಗೋಡೆಗೆ ಒರಗಿಸಿ ಹೊರಟರು.

ವಾಪಸು ಬಂದಾಗ ಗಾಡಿ ನಿಧಾನವಾಗಿ ಬಂತು. ಅವರು ನೇರ ಹಿತ್ತಲಿಗೇ ತಂದು ನಿಲ್ಲಿಸಿದರು. ಫಿಟ್ಟರ್‌ಗಳು ಹಿಂದೆಯೇ ಬಂದರು. ನಾನು ಗೋಣಿ ಸರಿಸಿ ಹೊರಗೆ ನಿಂತೆ.

“ಇದೇನ್ ಸ್ವಾಮಿ ಇಂಗೈತೆ? ಬಣ್ಣ ಅಪ್ಪಳ ಎದ್ದಂಗೆ ಎದ್ದೈತೆ. ಕೆರೆ ಏರಿ ಮ್ಯಾಲೆ ಒಗೆ ನೋಡಿ ನಾನು ಗಾಡಿ ಬಿಟ್ಟು ಓಡ್ದೆ. ಎಮ್ಮೆ ಮೇಯ್ಸೋರೆಲ್ಲ ನಗಾಡಿದ್ರು.”

“ಬಣ್ಣ ತಾನೆ, ಮತ್ತೆ ಹಚ್ಚಿಸಿ ಕೊಡ್ತೀನಿ,” ಎಂದರು ಗೋವಿಂದರಾಜು.

“ಅದು ಸರಿ. ಉಗುರಲ್ಲಿ ಕೆರೆದೆ. ಒಳಗೆ ಇದೇನು, ಬಂಗಾರ ಮಡಗಿದೀರಾ?”

ಗೋವಿಂದರಾಜು ನನ್ನ ಕಡೆ ತಿರುಗಿದರು.

“ಯಾವ ಡಬ್ಬದ್ದು ಹಚ್ಚಿದೆ?”

“ಎಡಗಡೇದು.”

“ತಪ್ಪಿ ತಗೊಂಡ್ಯಾ?”

ತಪ್ಪಿ ತೆಗೆದುಕೊಂಡೆ ಎನ್ನಲು ಅವರು ನನಗೆ ದಾರಿ ಬಿಟ್ಟುಕೊಟ್ಟರು ಎಂದು ಈಗಲೂ ಅಂದುಕೊಳ್ಳುತ್ತೇನೆ.

“ಇಲ್ಲ ಸಾರ್. ತಿಳಿದೇ ಹಚ್ಚಿದೆ.”

ದಸ್ತಗೀರ್ ತನ್ನ ಜಾಗದಿಂದ ಎದ್ದು ಬಂದ. ನನ್ನನ್ನು ನೋಡಲಿಲ್ಲ. ಕಾಂಪೌಂಡರರನ್ನು ನೋಡಿ ಹೇಳಿದ: “ಬೆಸೆದೋನು ನಾನು ಸಾಬ್.”

ಮುನಿವೆಂಕಟಪ್ಪನವರು ಕುಕ್ಕರುಗಾಲಲ್ಲಿ ಕೂತು ಆ ಗೆರೆಯನ್ನು ಬೆರಳಿನಿಂದ ಮೇಲಿನಿಂದ ಕೆಳಗಿನವರೆಗೆ ಸವರಿದರು. ದನದ ಗಾಯ ನೋಡುವ ಹಾಗಿತ್ತು.

“ನಿಲ್ತದಾ?”

“ನಿಲ್ಲುತ್ತೆ.”

“ಬಿಟ್ರೆ?”

“ಒಂದೇ ಸಲಕ್ಕೆ ಬಿಡಲ್ಲ. ಮೊದಲು ಗೆರೆ ಪಕ್ಕದಲ್ಲಿ ಮಸಿ ಕಾಣುತ್ತೆ. ಮಸಿ ಕಂಡ ದಿನ ಗಾಡಿ ಸ್ಟಾರ್ಟ್ ಮಾಡಬೇಡಿ, ನನ್ನ ಹತ್ರ ತನ್ನಿ.”

ಕಾಂಪೌಂಡರ್ ಎದ್ದರು. “ಸರಿ. ಕಾಣೋ ಗಾಯಕ್ಕೆ ನಾನೂ ಎದರಲ್ಲ. ಒಳಗೇ ಕೀವು ಕಟ್ಟಿದ್ರೆ ಏನ್ ಮಾಡಾನ? ಗಾಡಿ ನಂಗೇ ಇರಲಿ. ಆದ್ರೆ ಈ ಗೆರೆ ಮ್ಯಾಲೆ ಯಾರೂ ಬಣ್ಣ ಅಚ್ಚಬ್ಯಾಡಿ. ದಿನಾ ಬೆಳಗ್ಗೆ ನೋಡ್ಕಂತೀನಿ.”

ಗಾಡಿ ಹಾಗೇ ಹೋಯಿತು. ಗೆರೆಯ ಸುತ್ತ ಸುಟ್ಟ ಎನಾಮಲ್ಲನ್ನು ತಂತಿ ಬ್ರಷ್ಷಿನಿಂದ ತೆಗೆದು, ಗೆರೆಯನ್ನು ಬಿಟ್ಟು ಉಳಿದ ಕಡೆ ಬಲಗಡೆಯ ಡಬ್ಬದಿಂದ ನಾನೇ ಹಚ್ಚಿಕೊಟ್ಟೆ.

ಮಾರಾಟ ತಪ್ಪಿಹೋಗಲಿಲ್ಲವಾದ್ದರಿಂದ ಗೋವಿಂದರಾಜು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಒಳ್ಳೆಯ ಡಬ್ಬವನ್ನು ಮಾತ್ರ ತಮ್ಮ ಬೀರುವಿಗೆ ಒಯ್ದರು. ಬೇಕಾದಾಗ ಒಂದು ಬಟ್ಟಲಿಗೆ ಬಗ್ಗಿಸಿ ಕೊಡುತ್ತಿದ್ದರು, ನಾನು ಹಚ್ಚಿ ಮುಗಿಸುವವರೆಗೆ ನಿಂತಿರುತ್ತಿದ್ದರು. ಫಿಟ್ಟರ್‌ಗಳು ನನ್ನ ಬೆನ್ನ ಹಿಂದೆ ‘ಸತ್ಯಹರಿಶ್ಚಂದ್ರ’ ಎನ್ನತೊಡಗಿದರು. ಕೆಲವು ತಿಂಗಳಲ್ಲಿ ಅದನ್ನೂ ಬಿಟ್ಟರು.

ಆ ದಿನ ಎಲ್ಲರೂ ಹೋದ ಮೇಲೆ ನಾನೇ ದಸ್ತಗೀರನ ಬಳಿ ಹೋದೆ. ಅವನು ಗ್ಯಾಸಿನ ಪೈಪು ಸುತ್ತಿಡುತ್ತಿದ್ದ.

“ಭಾಯಿ, ನಾನು ನಿನ್ನ ಕೆಲಸದ ಮೇಲೆ...”

“ನನಗೆ ಹೇಳಬಹುದಿತ್ತು ಅಣ್ಣ. ಎಡಗಡೆ ಡಬ್ಬ ತೆಗೀತೀನಿ ಅಂತ ನನಗೊಬ್ಬನಿಗೆ ಹೇಳಬಹುದಿತ್ತು. ನಾನು ಗೋಣಿ ಆಚೇನೇ ಇದ್ದೆ.”

ಹೇಳಿದ್ದರೆ ಅವನು ತಡೆಯುತ್ತಿದ್ದನೇ, ಗೊತ್ತಿಲ್ಲ. ನಾನು ಕೇಳಲಿಲ್ಲ.

ಮರುದಿನದಿಂದ ಅವನು ಟೈರಿನ ಮೇಲೆ ಕೂರಲಿಲ್ಲ. ಕೆಲಸದ ಮಾತು ಇತ್ತು: ಇದು ಆರಿದೆ, ಇದನ್ನು ತೊಳಿ, ಇದು ನಾಳೆಗೆ. ಬೇರೆ ಇರಲಿಲ್ಲ. ತಂಗಿಯ ಮದುವೆ ಯಾವಾಗ ಆಯಿತೆಂದು ನನಗೆ ತಿಳಿಯಲಿಲ್ಲ. ಒಂದು ದಿನ ವರ್ಕ್‌ಶಾಪಿನಲ್ಲಿ ಎಲ್ಲರ ಕೈಯಲ್ಲೂ ಮಿಠಾಯಿ ಇತ್ತು, ಅದರಿಂದ ಊಹಿಸಿದೆ. ನನ್ನ ಪಾಲಿನದು ಗೋಣಿಯ ಹೊರಗೆ ಒಂದು ಕಾಗದದಲ್ಲಿ ಇಟ್ಟಿತ್ತು. ಯಾರು ಇಟ್ಟರೋ ನೋಡಲಿಲ್ಲ. ಆ ವರ್ಷಗಳಲ್ಲಿ ಒಂದೊಂದು ಸಲ ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಬಾಯಿ ತೆರೆಯುತ್ತಿರಲಿಲ್ಲ. ರೂಮಿಗೆ ಹೋಗುವ ದಾರಿಯಲ್ಲಿ ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೇಳಿದಾಗ ನನ್ನ ದನಿ ನನಗೇ ಹೊಸದಾಗಿ ಕೇಳುತ್ತಿತ್ತು.

ಮುನಿವೆಂಕಟಪ್ಪನವರು ಪ್ರತಿ ಬೇಸಿಗೆಯಲ್ಲಿ ಸೈಲೆನ್ಸರಿಗೆ ಬಣ್ಣ ಹಚ್ಚಿಸಲು ಬರುತ್ತಿದ್ದರು. ಈಗ ಅವರು ಮುಂದಿನ ಬಾಗಿಲಲ್ಲಿ ನಿಲ್ಲದೆ ನೇರ ಹಿತ್ತಲಿಗೆ ಬರುತ್ತಿದ್ದರು. ಗೋವಿಂದರಾಜು ಏನೂ ಅನ್ನುತ್ತಿರಲಿಲ್ಲ. ಮೊದಲ ಬೇಸಿಗೆಯಲ್ಲಿ ಕಾಂಪೌಂಡರ್ ಹೇಳಿದರು: “ಒಂದ್ ಚೂರೂ ಮಸಿ ಇಲ್ಲ ಕಣ್ರೀ. ನಿಮ್ ಭಾಯಿಗೆ ಯೋಳಿ.”

ದಸ್ತಗೀರ್ ಅಂದು ರಜದಲ್ಲಿದ್ದ. ಮರುದಿನ ಹೋಗಿ ಹೇಳಿದೆ. ಅವನು ಕಪ್ಪು ಕನ್ನಡಕ ಹಾಕಿಕೊಂಡು ಏನನ್ನೋ ಬೆಸೆಯುತ್ತಿದ್ದ. ಜ್ವಾಲೆ ಆರಿಸಲಿಲ್ಲ.

“ನನಗೆ ಗೊತ್ತಿತ್ತು,” ಎಂದ. “ಗೊತ್ತಿಲ್ಲದಿದ್ದೋನು ನೀನು.”

ಆಮೇಲೆ ಕೆಲಸದ ರೀತಿಗಳು ಬದಲಾದವು. ಅರವತ್ತರ ದಶಕದ ಕೊನೆಯ ಹೊತ್ತಿಗೆ ಕಾವು ತಡೆಯುವ ಬಣ್ಣ ಇಲ್ಲಿಯ ಅಂಗಡಿಗಳಲ್ಲೇ ಸಿಗತೊಡಗಿತು. ಬೇಕರಿಗೆ ಹೋಗುವುದು ನಿಂತಿತು. ಹಚ್ಚಿದ ಮೇಲೆ ಎಂಜಿನ್ನನ್ನು ಸ್ವಲ್ಪ ಓಡಿಸಿ ಆರಿಸುವುದು, ಮತ್ತೆ ಸ್ವಲ್ಪ ಹೆಚ್ಚು ಓಡಿಸಿ ಆರಿಸುವುದು, ಹೀಗೆ ಹಂತಹಂತವಾಗಿ ಬೇಯಿಸುವ ಕ್ರಮ ಬಂತು. ಅವಸರದವರು ಒಂದೇ ಸಲ ದೂರ ಓಡಿಸಿ ಬಣ್ಣ ಗುಳ್ಳೆ ಎಬ್ಬಿಸಿಕೊಂಡು ಬರುತ್ತಾರೆ, ಈಗಲೂ. ಡಬ್ಬ ಕೆಟ್ಟದ್ದು ಎನ್ನುತ್ತಾರೆ.

ದಸ್ತಗೀರ್ 1966ರಲ್ಲಿ ವರ್ಕ್‌ಶಾಪ್ ಬಿಟ್ಟ. ಮುಂಬಯಿಯಲ್ಲಿ ಹಡಗು ರಿಪೇರಿಯ ಕಡೆ ಕೆಲಸ ಸಿಕ್ಕಿತು ಎಂದು ಫಿಟ್ಟರ್‌ಗಳು ಮಾತಾಡಿಕೊಂಡರು. ಹೋಗುವ ದಿನ ಎಲ್ಲರಿಗೂ ಕೈ ಕೊಟ್ಟನಂತೆ. ನನ್ನ ಗೋಣಿ ಇಳಿದಿತ್ತು. ಒಳಗೆ ಹಸಿ ಬಣ್ಣವಿತ್ತು. ಹೊರಗೆ ಯಾರೋ ಬಂದು ನಿಂತ ಹಾಗೆ ಅನ್ನಿಸಿ “ಯಾರು?” ಎಂದೆ. ಉತ್ತರ ಬರಲಿಲ್ಲ. ಅವನೇ ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ.

ಮುನಿವೆಂಕಟಪ್ಪನವರು 1969ರಲ್ಲಿ ವರ್ಗವಾಗಿ ಗೌರಿಬಿದನೂರಿನ ಕಡೆ ಹೋದರು. ಗಾಡಿಯನ್ನು ತಾವೇ ಓಡಿಸಿಕೊಂಡು ಹೋದರು. ಅಲ್ಲಿಯವರೆಗೆ ಬೆಸುಗೆ ಬಿಟ್ಟಿರಲಿಲ್ಲ.

ಕಳೆದ ವರ್ಷ ಆರ್.ಟಿ. ನಗರದ ಒಂದು ಮದುವೆ ಮನೆಯಲ್ಲಿ ದಸ್ತಗೀರನ ತಮ್ಮ ಸಿಕ್ಕಿದ. ಅವನೂ ನಿವೃತ್ತ. ಅಣ್ಣ ಬದುಕಿದ್ದಾನೆ, ಮುಂಬಯಿಯಲ್ಲಿ ಮಗಳ ಮನೆಯಲ್ಲಿದ್ದಾನೆ, ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದ. ವಿಳಾಸ ಕೇಳಿದೆ. “ಅಣ್ಣನ್ನ ಒಂದು ಮಾತು ಕೇಳಿ ಕೊಡ್ತೀನಿ ಸಾರ್,” ಎಂದ. ನನ್ನ ಹೆಸರು, ಮನೆಯ ವಿಳಾಸ ಬರೆದುಕೊಟ್ಟೆ. ಈ ಬರಹ ಮುಗಿಸುವ ಹೊತ್ತಿಗೆ ಉತ್ತರ ಬಂದಿಲ್ಲ.